ಏಳನೇ ಮಹಡಿಗೆ ಅಣ್ಣನನ್ನು ಕರೆದೊಯ್ದದ್ದು

ಮೂವತ್ತೊಂದು ವರ್ಷ ಸಿಂಧನೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ‘ಸುಳ್ಳು ಹೇಳಬಾರದು’ ಎಂದು ಕಾಪಿ ಬರೆಸಿದವಳು ನಾನು. ನಿವೃತ್ತಿಯಾದ ವರ್ಷವೇ ಒಂದು ಸುಳ್ಳು ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ, ಹೆದರಿ ಬಂದದ್ದು. ಹೇಳಿದ ಮೇಲೆ ಅದನ್ನು ಸಾಕಲು ಮೂರು ವರ್ಷ ಕಾಳು ನೆನೆಸಿದೆ, ಮೊಳಕೆ ಕಟ್ಟಿದೆ, ಒಣಗಿಸಿದೆ, ಹುರಿದೆ, ಗಿರಣಿಗೆ ಹೊತ್ತೆ. ಅಷ್ಟು ಕಷ್ಟ ನಾನು ಯಾವ ನಿಜಕ್ಕೂ ಪಟ್ಟಿಲ್ಲ.

ನಡೆದದ್ದು ಇಷ್ಟು. ನನ್ನ ಒಬ್ಬಳೇ ಮಗಳು ರಾಯಚೂರಿನಲ್ಲಿ ಆಹಾರ ತಯಾರಿಕೆಯ ವಿಷಯ ಓದಿ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದಳು. ಏಳು ಮಹಡಿಯ ಕಟ್ಟಡದ ತಾರಸಿಯ ಮೇಲೊಂದು ಹೋಟೆಲು. ಅಲ್ಲೇ ದೊಡ್ಡ ದೊಡ್ಡ ಉಕ್ಕಿನ ಹಂಡೆಗಳಲ್ಲಿ ಬಿಯರ್ ತಯಾರಿಸಿ, ಊಟದ ಜೊತೆ ಅಲ್ಲೇ ಕೊಡುತ್ತಾರೆ. ಆ ಹಂಡೆಗಳ ಉಸ್ತುವಾರಿ ನನ್ನ ಮಗಳದು. ಫೋನಿನಲ್ಲಿ ಅವಳು ಇದನ್ನು ಹೇಳಿದಾಗ ನಾನು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದೆ. ಮನೆಯಲ್ಲಿ ಇದ್ದದ್ದು ನಾನು, ನಮ್ಮ ಮನೆಯವರು, ಇಬ್ಬರೇ.

ಅದಾದ ತಿಂಗಳಿಗೆ ನನ್ನ ತವರು ಮಸ್ಕಿಯಲ್ಲಿ ಒಂದು ತೊಟ್ಟಿಲು ಕಾರ್ಯ. ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ನನ್ನ ಸೋದರತ್ತೆಗೆ ಈಗ ಎಂಬತ್ತರ ಹತ್ತಿರ. ಕಿವಿ ಮಂದ, ನಾಲಗೆ ಮಾತ್ರ ಚುರುಕು. ‘ನಿನ್ನ ಮಗಳು ಹೈದ್ರಾಬಾದಿನ್ಯಾಗ ಏನ್ ಕೆಲಸ ಮಾಡ್ತಾಳಬೇ?’ ಎಂದು ಓಣಿಗೆಲ್ಲ ಕೇಳುವ ಹಾಗೆ ಕೇಳಿದಳು. ಎದುರಿಗೆ ಕಂಬಕ್ಕೆ ಒರಗಿ ನನ್ನ ಅಣ್ಣ ಕೂತಿದ್ದ.

ಅಣ್ಣನ ಎದುರು ನಮ್ಮ ಮನೆತನದಲ್ಲಿ ಕುಡಿತದ ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮಪ್ಪ ಸೇಂದಿ ಅಂಗಡಿಯಲ್ಲೇ ಆಯುಷ್ಯ ಕಳೆದವನು. ನಮ್ಮ ಕಡೆ ಹೆಂಡಕ್ಕೆ ಸೇಂದಿ ಎನ್ನುತ್ತಾರೆ. ದಿನಾ ಸಂಜೆ ಅಣ್ಣ ಹೋಗಿ ಅಪ್ಪನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಮನೆ ಮುಟ್ಟಿಸಬೇಕಿತ್ತು. ಅವನು ಶಾಲೆ ಬಿಟ್ಟದ್ದೂ ಆ ಕೆಲಸಕ್ಕಾಗಿಯೇ ಎನ್ನಬೇಕು. ಒಂದು ಸಂಜೆ ಅಣ್ಣನಿಗೆ ಜ್ವರ, ಹೋಗಲಾಗಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಹಳ್ಳದ ದಂಡೆಯಲ್ಲಿ ಸಿಕ್ಕ. ಸತ್ತು ಬಹಳ ಹೊತ್ತಾಗಿತ್ತು. ಆಮೇಲೆ ಲಿಂಗಸುಗೂರಿಗೆ ಹೋಗಿ ಕಿರಾಣಿ ಅಂಗಡಿ ಹಾಕಿ, ನನ್ನನ್ನು ಓದಿಸಿ, ಮದುವೆ ಮಾಡಿಕೊಟ್ಟವನು ಇದೇ ಅಣ್ಣ. ಅಂಥವನ ಎದುರು ಏನು ಹೇಳಲಿ?

‘ಮೊಳಕಿ ಕಾಳಿನ ಕೆಲಸ ಅತ್ತಿ,’ ಎಂದೆ. ಇದು ನಿಜವೇ. ಬಾರ್ಲಿ ಮೊಳಕೆಯೊಡೆಯದೆ ಬಿಯರ್ ಆಗುವುದಿಲ್ಲವೆಂದು ಮಗಳು ಹೇಳಿದ್ದಳು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ‘ಹಾಲಿಗೆ ಹಾಕ್ಕೊಂಡು ಕುಡಿಯೋ ಪುಡಿ ಇರ್ತದಲ್ಲ, ಅದನ್ನ ಮಾಡೋ ಕಂಪನಿ,’ ಎಂದೂ ಸೇರಿಸಿದೆ.

‘ಹಂಗಾರ ಮುಂದಿನ ಸಲ ಬರ್ತಾ ಒಂದೀಟು ತಗೊಂಡು ಬಾ, ನೋಡೂಣು,’ ಎಂದ ಅಣ್ಣ.

ಪೇಟೆಯಲ್ಲಿ ಸಿಗುವ ಡಬ್ಬಿ ಒಯ್ಯುವ ಹಾಗಿರಲಿಲ್ಲ. ಕಿರಾಣಿ ಅಂಗಡಿಯವನಿಗೆ ಯಾವ ಪುಡಿ ಯಾವ ಕಂಪನಿಯದೆಂದು ಗೊತ್ತಾಗದೆ ಇರುತ್ತದೆಯೇ? ಹಾಗಾಗಿ ನಾನೇ ಮಾಡಿದೆ. ನಮ್ಮದು ಜವಳಗೇರಾದ ಹತ್ತಿರ ಕಾಲುವೆ ನೀರಿನ ಹೊಲ. ಬೀಜದ ಭತ್ತವನ್ನು ಗೋಣಿಚೀಲದಲ್ಲಿ ಕಟ್ಟಿ ನೀರಲ್ಲಿ ನೆನೆಹಾಕಿ, ಎತ್ತಿ, ಮೇಲೆ ಹುಲ್ಲು ಮುಚ್ಚಿ ಮೊಳಕೆ ಬರಿಸುವುದು ಮದುವೆಯಾದಾಗಿನಿಂದ ನನ್ನ ಕೆಲಸ. ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ಬಿಸಿ ಎಷ್ಟಿದೆ ನೋಡಬೇಕು. ಸಾಲದಿದ್ದರೆ ಇನ್ನೊಂದು ದಿನ ಬಿಡಬೇಕು. ಹೆಚ್ಚಾದರೆ ನೀರು ಚಿಮುಕಿಸಬೇಕು, ಇಲ್ಲವೆಂದರೆ ಬೀಜವೆಲ್ಲ ಬೆಂದು ಹುಳಿ ನಾರುತ್ತದೆ. ಮಗಳು ಚಿಕ್ಕವಳಿದ್ದಾಗ ಕೈ ತೂರಿಸಿ ನೋಡುವ ಕೆಲಸವನ್ನು ನನ್ನಿಂದ ಕಸಿದುಕೊಂಡಿದ್ದಳು. ಅವಳು ‘ಆಗೈತಿ’ ಎಂದರೆ ಆಗಿರುತ್ತಿತ್ತು.

ಅದೇ ವಿದ್ಯೆಯಿಂದ ಗೋದಿ, ರಾಗಿ, ಹೆಸರುಕಾಳು ಮೊಳಕೆ ಕಟ್ಟಿದೆ. ಮಾಳಿಗೆಯ ಮೇಲೆ ಹಳೆಯ ಧೋತ್ರ ಹಾಸಿ ಒಣಗಿಸಿ, ಹುರಿದು, ಏಲಕ್ಕಿ ಬೆರೆಸಿ ಗಿರಣಿಯಲ್ಲಿ ನುಣ್ಣಗೆ ಬೀಸಿಸಿದೆ. ಪ್ಲಾಸ್ಟಿಕ್ ಕವರಿಗೆ ತುಂಬಿ ಬಾಯಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸಿದೆ. ಕಂಪನಿಯ ಮಾಲಿನ ಹಾಗೆಯೇ ಕಂಡಿತು. ನಮ್ಮ ಮನೆಯವರು ಜಗಲಿಯಿಂದಲೇ ನೋಡಿ, ‘ಟೀಚರಮ್ಮ ಕಾರ್ಖಾನಿ ತೆಗೆದ್ಲಪ’ ಎಂದು ಗೇಲಿ ಮಾಡಿದರು.

ಪುಡಿ ಹಿಡಿಸಿಬಿಟ್ಟಿತು. ಅದೇ ತಾಪತ್ರಯ. ಮಸ್ಕಿಯ ಮಕ್ಕಳಿಗೆಲ್ಲ ಅದೇ ಬೇಕು. ಅಣ್ಣನಂತೂ ದಿನಾ ಬೆಳಿಗ್ಗೆ ಒಂದು ಲೋಟ. ಅಂಗಡಿಯ ಡಬ್ಬಿಗಳಿಗೆಲ್ಲ ತನ್ನ ದುಂಡು ಅಕ್ಷರದಲ್ಲಿ ಬರೆದು ಚೀಟಿ ಅಂಟಿಸುವುದು ಅವನ ರೂಢಿ. ಅವನ ಅಡುಗೆಮನೆಯಲ್ಲಿದ್ದ ನನ್ನ ಪುಡಿಯ ಡಬ್ಬಿಗೂ ಚೀಟಿ ಬಿತ್ತು: ‘ಹೈದರಾಬಾದ್ ಕಂಪನಿ ಮಾಲು.’

ಇದರ ಪೆಟ್ಟು ಬಿದ್ದದ್ದು ಮಗಳಿಗೆ. ಒಂದು ಸಲ ಊರಿಗೆ ಬಂದಿದ್ದಾಗ ಮಸ್ಕಿಯ ಹೆಂಗಸೊಬ್ಬಳು ಅವಳ ಎರಡೂ ಕೈ ಹಿಡಿದು, ‘ನಿಮ್ಮ ಕಂಪನಿ ಪುಡಿಯಿಂದ ನಮ್ಮ ಕೂಸು ಮೈ ಹಿಡೀತವ್ವಾ’ ಎಂದು ಕಣ್ಣು ತುಂಬಿಕೊಂಡಳು. ಮಗಳು ಆ ದಿನ ಊಟ ಮಾಡಲಿಲ್ಲ. ಸಿಂಧನೂರಿಗೆ ವಾಪಸು ಬಂದ ಮೇಲೆ ಹೇಳಿದಳು: ‘ಅವ್ವಾ, ನಾ ಮಾಡೋ ಕೆಲಸಕ್ಕ ನನಗ ನಾಚಿಕಿ ಇಲ್ಲ. ನಿನಗೈತಿ. ಮಾಮಾಗ ನೀನಾ ಹೇಳು. ನೀ ಹೇಳೋತನಕ ನಾ ಊರಿಗೆ ಬರೂದಿಲ್ಲ.’

ಎಂಟು ತಿಂಗಳಾದರೂ ಬರಲಿಲ್ಲ. ಆಡಿದ ಮಾತಿಗೆ ನಿಲ್ಲುವುದರಲ್ಲಿ ಅವಳು ಥೇಟು ಮಾವನ ಹಾಗೆ. ಹಬ್ಬಕ್ಕೆ ಹೋಳಿಗೆ ಮಾಡಿ ನಾವಿಬ್ಬರೇ ಉಂಡೆವು. ನಮ್ಮ ಮನೆಯವರು ಕೈ ತೊಳೆಯುತ್ತ, ‘ಗಂಟು ಹಾಕಿದಾಕಿ ನೀನು, ಬಿಚ್ಚಾಕಿನೂ ನೀನಾ ಆಗಬೇಕು’ ಎಂದರು. ಆ ದಿನ ಅವರ ಮೇಲೆ ಸಿಟ್ಟು ಬಂತು. ಮಾತು ಸರಿಯಿತ್ತು, ಅದಕ್ಕೇ.

ಅದೇ ವಾರ ಅಣ್ಣನ ಫೋನು. ‘ತಂಗೀ, ಆ ಪುಡಿ ಏಜೆನ್ಸಿ ನನಗ ಕೊಡಸು. ಲಿಂಗಸುಗೂರು, ಮಸ್ಕಿ ಎರಡೂ ನಾ ನೋಡ್ಕೊಂತೀನಿ. ಮೊದಲು ಕಾರ್ಖಾನಿ ಒಮ್ಮಿ ಕಣ್ಣಿಲೆ ನೋಡಬೇಕು. ಯಾವಾಗ ಹೋಗೂಣು?’

ಹಳೆಯ ನಾನಾಗಿದ್ದರೆ ಕಾರ್ಖಾನೆಗೆ ಬೀಗ ಬಿದ್ದಿದೆ ಎಂದೋ, ಬೆಂಕಿ ಬಿದ್ದಿದೆ ಎಂದೋ ಹೇಳುತ್ತಿದ್ದೆ. ಬಾಯಿಗೂ ಬಂದಿತ್ತು. ನುಂಗಿದೆ. ‘ಬರೋ ಸೋಮವಾರ ಹೋಗೂಣು ಅಣ್ಣಾ,’ ಎಂದೆ. ಹೇಳುವುದಿದ್ದರೆ ಆ ತಾರಸಿಯ ಮೇಲೆಯೇ ಹೇಳಬೇಕು, ಮಗಳ ಕಣ್ಣೆದುರೇ ಹೇಳಬೇಕು ಎಂದು ನಿಶ್ಚಯ ಮಾಡಿದೆ. ಮಗಳಿಗೆ ತಿಳಿಸಿದೆ. ‘ಬಾ. ಆದ್ರ ನಾ ಮಾತ್ರ ಸುಳ್ಳಿಗೆ ಸಾಥ್ ಕೊಡೂದಿಲ್ಲ,’ ಎಂದಳು.

ಸೋಮವಾರ ಅಣ್ಣ ಲಿಂಗಸುಗೂರಿನಿಂದ ಮೊದಲ ಬಸ್ಸು ಹಿಡಿದು ಮಸ್ಕಿ ಮೇಲೆ ಸಿಂಧನೂರಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಧೋತ್ರ, ಬಿಳಿ ಟೊಪ್ಪಿಗೆ, ಕೈಯಲ್ಲಿ ಚೀಲ. ನಾನು ದಾರಿಗೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೆ. ಹೈದರಾಬಾದ್ ಬಸ್ಸು ಹತ್ತಿದೆವು. ಮಾನ್ವಿ ದಾಟುವಾಗ ಅವನು ಜೇಬಿನಿಂದ ಚೀಟಿ ತೆಗೆದು ಓದಿದ. ಕಂಪನಿಯವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡಿದ್ದ. ಪುಡಿ ಎಷ್ಟು ದಿನ ಇಟ್ಟರೆ ಕೆಡುವುದಿಲ್ಲ? ಡಬ್ಬಿಯಲ್ಲಿ ಕೊಡುತ್ತೀರೋ, ಕವರಿನಲ್ಲೋ? ಸಕ್ಕರೆ ಕಾಯಿಲೆಯವರು ಕುಡಿಯಬಹುದೋ? ಪುಡಿ ಮಾಡಿದವಳು ಪಕ್ಕದಲ್ಲೇ ಕೂತಿದ್ದೆ, ಮೂರಕ್ಕೂ ಉತ್ತರ ಗೊತ್ತಿತ್ತು.

ಮಗಳು ಕೊಟ್ಟಿದ್ದ ವಿಳಾಸದ ಕಟ್ಟಡ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ‘ಕಾರ್ಖಾನಿ ಮ್ಯಾಲ ಐತೇನು?’ ಎಂದು ಅಣ್ಣ ಕತ್ತೆತ್ತಿ ನೋಡಿದ. ‘ಮ್ಯಾಲೇ ಐತಿ,’ ಎಂದೆ. ಲಿಫ್ಟು ಏಳನೇ ಮಹಡಿಯಲ್ಲಿ ಬಾಗಿಲು ತೆರೆಯಿತು.

ಊಟದವರು ಎದ್ದುಹೋಗಿ ಸಂಜೆಯವರು ಇನ್ನೂ ಬಾರದ ವೇಳೆ. ಸಾಲು ಸಾಲು ಮೇಜುಗಳು ಖಾಲಿಯಿದ್ದವು. ಕುಂಡಗಳಲ್ಲಿ ಗಿಡ, ತಲೆಯ ಮೇಲೆ ಬಿದಿರಿನ ಚಪ್ಪರ. ಅಂಚಿಗೆ ಎದೆಮಟ್ಟದ ಗಾಜಿನ ಗೋಡೆ, ಅದರಾಚೆ ಇಡೀ ಹೈದರಾಬಾದು. ಅಣ್ಣ ಟೊಪ್ಪಿಗೆ ಸರಿಮಾಡಿಕೊಂಡು ಸುತ್ತ ನೋಡಿದ. ‘ಕೆಲಸಗಾರರಿಗೆ ಊಟದ ವ್ಯವಸ್ಥಾ ಭಾಳ ಚಲೋ ಇಟ್ಟಾರ,’ ಎಂದು ಮೆಚ್ಚಿಕೊಂಡ.

ಮೊಣಕಾಲಿನವರೆಗೆ ರಬ್ಬರ್ ಬೂಟು, ಮೇಲೊಂದು ದಪ್ಪ ಏಪ್ರನ್, ಕೂದಲಿಗೆ ಬಟ್ಟೆ ಕಟ್ಟಿಕೊಂಡು ಮಗಳು ಹೊರಗೆ ಬಂದಳು. ಮಾವನ ಕಾಲಿಗೆ ನಮಸ್ಕರಿಸಿದಳು. ‘ಸೊರಗಿಯಲ್ಲಬೇ! ನಿಮ್ಮ ಪುಡಿ ನೀನಾ ಕುಡಿಯಂಗಿಲ್ಲೇನು?’ ಎಂದು ಅವನು ನಕ್ಕ. ಅವಳು ನಗಲಿಲ್ಲ. ‘ಬಾ ಮಾಮಾ, ನಾ ಕೆಲಸ ಮಾಡೋ ಜಾಗ ತೋರಿಸ್ತೀನಿ,’ ಎಂದು ಗಾಜಿನ ಕೋಣೆಯೊಳಗೆ ಕರೆದುಕೊಂಡು ಹೋದಳು.

ಒಳಗೆ ಕಾಲಿಟ್ಟೊಡನೆ ನನಗೆ ವಾಸನೆ ಹತ್ತಿತು. ಹುರಿದ ಮೊಳಕೆ ಹಿಟ್ಟಿಗೆ ಕುದಿಯುವ ನೀರು ಹೊಯ್ದಾಗ ನನ್ನ ಅಡುಗೆಮನೆಯಲ್ಲಿ ಏಳುವ ವಾಸನೆಯೇ. ನನಗಿಂತ ಎತ್ತರದ ಹಂಡೆಗಳು ಫಳಫಳ ಹೊಳೆಯುತ್ತಿದ್ದವು. ಗೋಡೆಯ ಬದಿಗೆ ಕಾಳಿನ ಚೀಲಗಳು. ಅಣ್ಣ ಹಂಡೆಗಳ ಕಡೆ ನೋಡಲೇ ಇಲ್ಲ. ಸೀದಾ ಚೀಲಕ್ಕೆ ಹೋದ, ಅಂಗಿಯ ತೋಳು ಮೇಲೇರಿಸಿ ಕೈ ತೂರಿಸಿದ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದ. ‘ಬಾರ್ಲಿ. ಮೊಳಕಿ ಒಡಿಸಿ ಒಣಗಿಸ್ಯಾರ. ಸಿಹಿ ಬಿಟ್ಟೈತಿ. ಫಸ್ಟ್ ಕ್ಲಾಸ್ ಮಾಲು,’ ಎಂದ. ಆಮೇಲೆ ಜೇಬಿನಿಂದ ಚೀಟಿ ತೆಗೆದು ಮಗಳ ಕಡೆ ತಿರುಗಿದ. ‘ಪುಡಿ ಮಾಡೋ ಮಷಿನ್ ಯಾ ಕಡಿ ಐತಿ?’

ಮಗಳು ನನ್ನನ್ನು ನೋಡಿದಳು. ಇಷ್ಟು ವರ್ಷ ಎಷ್ಟೋ ಮಕ್ಕಳನ್ನು ನಾನು ಹಾಗೆ ನೋಡಿದ್ದೇನೆ, ಅವರು ನಿಜ ಹೇಳಲಿ ಎಂದು. ನೋಡಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

‘ಅಣ್ಣಾ, ಪುಡಿ ಇಲ್ಲಿ ಮಾಡೂದಿಲ್ಲ,’ ಎಂದೆ. ‘ಪುಡಿ ಮಾಡಾಕಿ ನಾನು. ಸಿಂಧನೂರಾಗ, ನಮ್ಮ ಮಾಳಿಗಿ ಮ್ಯಾಲ. ಮೂರು ವರ್ಷ ನಿನಗ ಸುಳ್ಳು ಹೇಳೀನಿ. ಇಲ್ಲಿ ಬಿಯರ್ ಮಾಡ್ತಾರ. ನಿನ್ನ ಸೊಸಿನಾ ಮಾಡ್ತಾಳ.’

ಅಣ್ಣನ ಅಂಗೈಯಲ್ಲಿ ಇನ್ನೂ ಒಂದಿಷ್ಟು ಕಾಳಿದ್ದವು. ಅವನ್ನು ಒಂದೂ ಚೆಲ್ಲದ ಹಾಗೆ ಚೀಲಕ್ಕೆ ಹಾಕಿದ. ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟ. ಹೊರಗೆ ನಡೆದು ಗಾಜಿನ ಗೋಡೆಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತ. ನನಗೆ ಹೆದರಿಕೆಯಾಯಿತು. ಜೊತೆಗೆ ಮನಸ್ಸು ಹಗುರವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಬೈದರೆ ಬೈಯಲಿ, ಇಲ್ಲಿಂದ ಕದಲುವುದಿಲ್ಲ ಎಂದುಕೊಂಡೆ. ಕೆಳಗೆ ಲೆಕ್ಕವಿಲ್ಲದಷ್ಟು ಮಾಳಿಗೆಗಳು, ಕಪ್ಪು ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆಗಳು. ದೂರದಲ್ಲಿ ಮಸೀದಿಯ ಮಿನಾರುಗಳು, ಅವುಗಳ ಮುಂದೆ ಮೆಟ್ರೋ ರೈಲು ಸಾಗುತ್ತಿತ್ತು. ಒಂದು ಮಾಳಿಗೆಯ ಮೇಲೆ ಯಾರೋ ಹೆಂಗಸು ಬಟ್ಟೆಯ ಮೇಲೆ ಹರವಿದ ಏನನ್ನೋ ಬಗ್ಗಿ ಕೈಯಾಡಿಸುತ್ತಿದ್ದಳು. ಅಣ್ಣನೂ ಅವಳನ್ನೇ ನೋಡುತ್ತಿದ್ದನೆಂದು ಕಾಣುತ್ತದೆ.

ಆಗ ಸಂಜೆಯ ಮೊದಲ ಗಿರಾಕಿಗಳು ಬಂದರು. ನಮ್ಮ ಹಿಂದಿನ ಮೇಜಿಗೆ ನೊರೆ ತುಂಬಿದ ಎತ್ತರದ ಗ್ಲಾಸುಗಳು ಬಂದವು. ಅಣ್ಣ ತಿರುಗಿ ನೋಡಿದ. ಮಗಳು ಅಲ್ಲೇ ನಿಂತಿದ್ದಳು. ಅವನು ಅವಳನ್ನು ಕೇಳಿದ, ಮೆಲ್ಲಗೆ: ‘ಇಲ್ಲಿ ಕುಡಿದವರನ್ನ ಮನಿ ಯಾರು ಮುಟ್ಟಿಸ್ತಾರ?’

ಮಗಳಿಗೆ ತನ್ನ ಅಜ್ಜನ ಕಥೆ ಗೊತ್ತು. ‘ಗಾಡಿ ಕರೆಸಿ ಕೂಡ್ರಿಸ್ತೀವಿ ಮಾಮಾ. ಜಾಸ್ತಿ ಆತು ಅನಿಸಿದ್ರ ಮುಂದ ಕೊಡೂದಿಲ್ಲ.’

‘ಕೇಳ್ತಾರೇನು?’

‘ಕೆಲವರು ಕೇಳೂದಿಲ್ಲ.’

ಅವನು ತಲೆ ಅಲ್ಲಾಡಿಸಿದ. ‘ನೀನರ ಖರೇ ಹೇಳ್ತಿ,’ ಎಂದ. ಆ ಮಾತು ನನಗೆ ತಾಗಬೇಕಾದಲ್ಲೇ ತಾಗಿತು. ಆಮೇಲೆ ಗೋಡೆಯ ಪಕ್ಕದ ಮೇಜಿಗೆ ಬಂದು ಕೂತು ನನ್ನ ಚೀಲದಿಂದ ರೊಟ್ಟಿಯ ಗಂಟು ತೆಗೆದ. ಹೋಟೆಲಿನವನೊಬ್ಬ ಹೊರಗಿನ ತಿಂಡಿ ಇಲ್ಲಿ ತಿನ್ನುವ ಹಾಗಿಲ್ಲ ಎನ್ನಲು ಬಂದ. ಮಗಳು ತೆಲುಗಿನಲ್ಲಿ ಏನೋ ಹೇಳಿ ಕಳಿಸಿದಳು. ಅಣ್ಣ ಒಂದು ರೊಟ್ಟಿಯ ಮೇಲೆ ಚಟ್ನಿ ಹಾಕಿ ಅವಳ ಮುಂದಿಟ್ಟ. ‘ಉಣ್ಣು,’ ಎಂದ. ಬೂಟಿನಲ್ಲೇ ಕೂತು ಅವಳು ಉಂಡಳು. ಅವನು ಅಲ್ಲಿ ನೀರನ್ನೂ ಮುಟ್ಟಲಿಲ್ಲ.

ರಾತ್ರಿ ಬಸ್ಸಿಗೇ ಹಿಂದಿರುಗಿದೆವು. ಅಣ್ಣ ಸಿಂಧನೂರಿನಲ್ಲಿ ಮನೆಗೂ ಬರಲಿಲ್ಲ. ಲಿಂಗಸುಗೂರಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ‘ಇನ್ನ ಪುಡಿ ಕಳಸಬ್ಯಾಡ,’ ಎಂದ. ಅಷ್ಟೇ. ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಅತ್ತೆ. ಯಾರು ನೋಡಿದರೆ ಏನು?

ಮೂರು ವಾರ ಅವನಿಂದ ಫೋನಿಲ್ಲ. ಅವನ ಮಗಳನ್ನು ಮಸ್ಕಿಗೇ ಕೊಟ್ಟಿದೆ, ಚೊಚ್ಚಲ ಬಸುರಿ. ಅವಳ ಕುಬಸದ, ಅಂದರೆ ಸೀಮಂತದ, ಕಾರ್ಯಕ್ಕೆ ಕರೆ ಬಂತು. ಬಂದದ್ದು ನಮ್ಮ ಮನೆಯವರ ಫೋನಿಗೆ, ನನಗಲ್ಲ. ಕುಬಸಕ್ಕೆ ಬೀಗರೆಲ್ಲ ಸೇರುತ್ತಾರೆ. ಹೋಗದಿರುವುದು ಮೇಲೋ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಮಗಳು, ‘ನೀ ಹೇಳಿದಿಯಲ್ಲ ಅವ್ವಾ, ನಾ ಬರಾಕತ್ತೀನಿ,’ ಎಂದಳು. ಅವಳು ಬರುವುದಾದರೆ ಇಡೀ ಮಸ್ಕಿ ಎದುರು ನಿಂತರೂ ನಾನು ಹೋಗುವವಳೇ.

ಬೀಗರ ಪಡಸಾಲೆ ತುಂಬಿತ್ತು. ಹಸಿರು ಸೀರೆ, ಹಸಿರು ಬಳೆಯಲ್ಲಿ ಬಸುರಿಯನ್ನು ಕೂರಿಸಿದ್ದರು. ನಾವು ಒಳಗೆ ಕಾಲಿಟ್ಟೊಡನೆ ಸೋದರತ್ತೆ ಕಂಡಳು. ‘ಬಂದೇನಬೇ? ಕಾರ್ಖಾನಿ ಪುಡಿ ತಂದೀಯಿಲ್ಲೋ?’

ಬಾಗಿಲ ಬಳಿ ಬೀಗರ ಜೊತೆ ಅಣ್ಣ ನಿಂತಿದ್ದ. ನಾನು ಕೂರಲಿಲ್ಲ. ನಿಂತೇ ಹೇಳಿದೆ: ‘ಕಾರ್ಖಾನಿ ಇಲ್ಲ ಅತ್ತಿ. ಆ ಪುಡಿ ನಾ ಮನಿಯಾಗ ಮಾಡಿದ್ದು. ನನ್ನ ಮಗಳು ಬಿಯರ್ ಮಾಡ್ತಾಳ.’

‘ಏನು? ಇನ್ನೊಮ್ಮಿ ಹೇಳು!’ ಎಂದಳು ಮುದುಕಿ, ಕಿವಿಯ ಹಿಂದೆ ಕೈಯಿಟ್ಟು.

ಇಷ್ಟು ವರ್ಷ ಮುಚ್ಚಿಟ್ಟ ಮಾತನ್ನು ಈಗ ಕೂಗಿ ಹೇಳಬೇಕಾಯಿತು. ಕೊನೆಯ ಬೆಂಚಿಗೆ ಕೇಳುವ ಹಾಗೆ ಪಾಠ ಹೇಳಿದ ಗಂಟಲು ನನ್ನದು. ‘ಬಿಯರ್ ಮಾಡ್ತಾಳ ಅತ್ತಿ! ಹೈದ್ರಾಬಾದಿನ್ಯಾಗ! ದೊಡ್ಡ ಹೋಟೆಲಿನ್ಯಾಗ! ಚಲೋ ಮಾಡ್ತಾಳ!’

ಯಾರೋ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬೀಗಿತ್ತಿ ಅಣ್ಣನ ಮುಖ ನೋಡಿದಳು. ಮಗಳು ನನ್ನ ಕೈ ಹಿಡಿದಳು.

ಅಣ್ಣ ಜನರ ನಡುವೆ ದಾರಿ ಮಾಡಿಕೊಂಡು ಬಂದ. ತನ್ನ ಚೀಲದಿಂದ ಒಂದು ಖಾಲಿ ಡಬ್ಬಿ ತೆಗೆದು ನನ್ನ ಮುಂದಿಟ್ಟ. ‘ಇದನ್ನ ತುಂಬಿ ಕಳಸು. ಬ್ಯಾರೆ ಯಾವ ಪುಡಿನೂ ಬಸುರಿ ಹುಡುಗಿ ಬಾಯಿಗೆ ಹಿಡಿಯವಲ್ಲದು,’ ಎಂದ. ಹಳೆಯ ಚೀಟಿ ಕೆರೆದು ತೆಗೆದಿದ್ದ. ಹೊಸ ಚೀಟಿಯಲ್ಲಿ ಅದೇ ದುಂಡು ಅಕ್ಷರ: ‘ತಂಗಿ ಮಾಲು, ಸಿಂಧನೂರು.’

ಆಮೇಲೆ ನನ್ನ ಮಗಳ ಕಡೆ ತಿರುಗಿದ. ‘ನಿನ್ನ ಕೆಲಸ ನನಗ ಸೇರೂದಿಲ್ಲವ್ವಾ. ಸೇರತೈತಿ ಅಂದ್ರ ಸುಳ್ಳಾಗತೈತಿ. ಆದ್ರ ಅವತ್ತು ಒಂದು ಕೇಳೂದು ಮರೆತಿದ್ದೆ.’ ಎಲ್ಲರೂ ಕೇಳುತ್ತಿದ್ದರು. ‘ಕುಡಿದವರನ್ನ ಗಾಡಿಯಾಗ ಕೂಡ್ರಿಸಿ ಕಳಸ್ತೀರಿ, ಸರಿ. ಕೆಲಸ ಮುಗಿಸಿ ರಾತ್ರಿ ನೀ ಹೊಳ್ಳಿ ಹೋಗ್ತೀಯಲ್ಲ, ನಿನ್ನ ಮನಿ ಯಾರು ಮುಟ್ಟಿಸ್ತಾರ?’

‘ನಾ ಒಬ್ಬಾಕಿನಾ ಹೋಗ್ತೀನಿ ಮಾಮಾ,’ ಎಂದಳು.

‘ಮುಟ್ಟಿದ ಮ್ಯಾಲ ನನಗ ಒಂದು ಫೋನ್ ಮಾಡು. ನಾ ಎಚ್ಚರ ಇರ್ತೀನಿ.’

ಇದಾಗಿ ಒಂದು ವರ್ಷವಾಗುತ್ತ ಬಂತು. ಅಣ್ಣ ಆ ಏಳನೇ ಮಹಡಿಗೆ ಮತ್ತೆ ಕಾಲಿಟ್ಟಿಲ್ಲ, ಇಡುವುದೂ ಇಲ್ಲ. ಮಗಳ ಕೆಲಸದ ಹೆಸರನ್ನೂ ಎತ್ತುವುದಿಲ್ಲ. ಆದರೆ ದಿನಾ ಬೆಳಿಗ್ಗೆ, ಅಂಗಡಿಯ ಬೀಗ ತೆಗೆಯುವ ಮುಂಚೆ, ಲಿಂಗಸುಗೂರಿನಿಂದ ನನಗೆ ಫೋನ್ ಬರುತ್ತದೆ. ಕ್ಷೇಮ ಸಮಾಚಾರ ಕೇಳುವುದಿಲ್ಲ, ಮಳೆ ಬೆಳೆಯ ಮಾತಿಲ್ಲ. ಒಂದೇ ಮಾತು ಹೇಳಿ ಇಟ್ಟುಬಿಡುತ್ತಾನೆ.

‘ರಾತ್ರಿ ಮನಿ ಮುಟ್ಟ್ಯಾಳ.’